ಚಿತ್ರದಲ್ಲಿ ಕಾಣದ ಬೇಲಿ

ಮೈಸೂರಿನ ಮೃಗಾಲಯಕ್ಕೆ ಹೋಗಿ ಬಂದಾಗಲೆಲ್ಲ, ತೆಗೆದ ಚಿತ್ರಗಳಲ್ಲಿ ಒಂದಿಷ್ಟನ್ನು ಆರಿಸಿ ನೆಂಟರಿಗೂ ಸ್ನೇಹಿತರಿಗೂ ಕಳಿಸುವುದು ನನ್ನ ರೂಢಿ. ಕಳಿಸಿದ ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಇದು ಕಬಿನಿಯಲ್ಲಿ ತೆಗೆದದ್ದಾ?" ಹುಲಿ, ಚಿರತೆಯಾದರೆ ಕಬಿನಿ, ಜಿರಾಫೆಯಾದರೆ ಆಫ್ರಿಕಾ. ಮೃಗಾಲಯದ್ದು ಎಂದು ತಿಳಿಸಿದರೆ, "ಹೌದಾ, ಗೊತ್ತೇ ಆಗೋದಿಲ್ಲ" ಎನ್ನುತ್ತಾರೆ. ಅವರು ಅದನ್ನು ಮೆಚ್ಚಿಕೊಂಡೇ ಹೇಳುತ್ತಾರೆ, ಕೇಳುವ ನನಗೂ ಅದು ಮೆಚ್ಚುಗೆಯಾಗಿಯೇ ತಲುಪುತ್ತದೆ. ಹಾಗಾದರೆ ಮೃಗಾಲಯದ ಚಿತ್ರಕ್ಕೆ ಸಿಗಬಹುದಾದ ದೊಡ್ಡ ಹೊಗಳಿಕೆ, ಅದು ಮೃಗಾಲಯದ್ದೆಂದು ಯಾರಿಗೂ ತಿಳಿಯದಿರುವುದೇ? ಮದುವೆಮನೆಯ ಚಿತ್ರ ಮದುವೆಮನೆಯಂತೆ ಕಾಣಬೇಕು, ಸಂತೆಯ ಚಿತ್ರ ಸಂತೆಯಂತೆ ಕಾಣಬೇಕು ಎಂದು ಬಯಸುವ ನಾವು, ಇದೊಂದು ಸ್ಥಳ ಮಾತ್ರ ಚಿತ್ರದಿಂದ ಅಳಿಸಿಹೋಗಲಿ ಎಂದು ಏಕೆ ಬಯಸುತ್ತೇವೆ ಎಂಬ ಪ್ರಶ್ನೆ ಬಹಳ ಕಾಲದಿಂದ ನನ್ನನ್ನು ಕೊರೆಯುತ್ತಿದೆ.

ಅಳಿಸುವ ವಿದ್ಯೆ ಕಷ್ಟದ್ದೇನಲ್ಲ. ಮೃಗಾಲಯದಲ್ಲಿ ಕ್ಯಾಮೆರಾ ಹಿಡಿದ ಯಾರೂ ಮೊದಲು ಕಲಿಯುವುದು ಅದನ್ನೇ. ಕಲಿತ ಮೇಲೆ, ಅದು ನಿಜಕ್ಕೂ ಏನು ಮಾಡುತ್ತದೆ ಎಂದು ಒಮ್ಮೆ ಕುಳಿತು ಯೋಚಿಸುವುದು ಒಳ್ಳೆಯದು.

ತಂತಿ ಎಲ್ಲಿಗೆ ಹೋಗುತ್ತದೆ?

ಜಾಲರಿಯ ಹಿಂದಿರುವ ಪ್ರಾಣಿಯನ್ನು ತೆಗೆಯುವಾಗ ಲೆನ್ಸನ್ನು ತಂತಿಗೆ ಎಷ್ಟು ಹತ್ತಿರ ತರಲು ಅಲ್ಲಿನ ನಿಯಮ ಬಿಡುತ್ತದೆಯೋ ಅಷ್ಟು ಹತ್ತಿರ ತರಬೇಕು, ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, ಪೂರ್ತಿ ತೆರೆಯಬೇಕು, ಪ್ರಾಣಿ ತಂತಿಯಿಂದ ದೂರ ಸರಿಯುವವರೆಗೆ ಕಾಯಬೇಕು. ಕ್ಯಾಮೆರಾ ತಾನಾಗಿ ಫೋಕಸ್ ಮಾಡಲು ಬಿಟ್ಟರೆ ಅದು ಮೊದಲು ಸಿಕ್ಕುವ ತಂತಿಯನ್ನೇ ಹಿಡಿದುಕೊಳ್ಳುತ್ತದೆ, ಆದ್ದರಿಂದ ಒಂದೇ ಬಿಂದುವನ್ನು ಪ್ರಾಣಿಯ ಕಣ್ಣಿನ ಮೇಲಿಟ್ಟು ಫೋಕಸ್ ಮಾಡಬೇಕು. ಇಷ್ಟಾದರೆ ಜಾಲರಿ ಮಾಯವಾಗುತ್ತದೆ. ಮಾಯವಾಗುತ್ತದೆ ಎಂಬುದು ನಾವು ಆಡುವ ಮಾತು. ನಡೆಯುವುದು ಬೇರೆ. 300 ಎಂಎಂ ಲೆನ್ಸನ್ನು ಎಫ್/4ಕ್ಕೆ, ಅಂದರೆ ಆ ಅಳತೆಯ ನಾಲ್ಕನೇ ಒಂದು ಭಾಗಕ್ಕೆ, ತೆರೆದಾಗ ಬೆಳಕು ಒಳಬರುವ ಕಿಂಡಿಯ ವ್ಯಾಸ ಸುಮಾರು 75 ಮಿಲಿಮೀಟರ್. ಅದರ ಮುಂದೆ ಮೂರು ಮಿಲಿಮೀಟರ್ ದಪ್ಪದ ತಂತಿ ಹಾದುಹೋದರೆ ಅದು ತಡೆಯುವುದು ಬರುವ ಬೆಳಕಿನ ಒಂದು ಸಣ್ಣ ಪಾಲನ್ನು ಮಾತ್ರ. ಚಿತ್ರದ ಪ್ರತಿಯೊಂದು ಬಿಂದುವಿಗೂ ಬೆಳಕು ಆ ಕಿಂಡಿಯ ಎಲ್ಲ ಭಾಗಗಳಿಂದ ಬರುವುದರಿಂದ ತಂತಿಯ ನೆರಳು ಒಂದು ಗೆರೆಯಾಗಿ ನಿಲ್ಲದೆ, ತೆಳುವಾದ ಮಲ್ಲಿನ ಬಟ್ಟೆ ಹೊದಿಸಿದ ಹಾಗೆ ಇಡೀ ಚಿತ್ರದ ಮೇಲೆ ಹರಡಿಕೊಳ್ಳುತ್ತದೆ. ಕಪ್ಪು ಪಟ್ಟೆ ಸ್ವಲ್ಪ ಬೂದುಬಣ್ಣಕ್ಕೆ ತಿರುಗುತ್ತದೆ, ಬಣ್ಣಗಳ ಕಸುವು ಕೊಂಚ ಇಳಿಯುತ್ತದೆ. ತಂತಿಯ ಮೇಲೆ ನೇರ ಬಿಸಿಲು ಬಿದ್ದಿದ್ದರಂತೂ ಅದರ ಹೊಳಪು ಬಿಳಿಯ ಮಂಜಾಗಿ ಚಿತ್ರವನ್ನು ಮುಸುಕುತ್ತದೆ, ಅದಕ್ಕೇ ಅನುಭವಸ್ಥರು ಮರದ ನೆರಳು ಬಿದ್ದಿರುವ ಜಾಲರಿಯನ್ನು ಹುಡುಕಿಕೊಂಡು ಹೋಗುತ್ತಾರೆ, ಇಲ್ಲವೇ ಜೊತೆಗಿದ್ದವರ ಕೈಯಲ್ಲಿ ಕೊಡೆ ಹಿಡಿಸಿ ನೆರಳು ಮಾಡಿಕೊಳ್ಳುತ್ತಾರೆ. ಅಂದರೆ ಬೇಲಿ ಚಿತ್ರದಲ್ಲಿ ಇದ್ದೇ ಇದೆ, ಕಣ್ಣಿಗೆ ಬೇಲಿಯಾಗಿ ಕಾಣುವುದಿಲ್ಲ ಅಷ್ಟೆ.

(ಮೊಬೈಲ್ ಹಿಡಿದವರಿಗೆ ಈ ವಿದ್ಯೆ ಒದಗುವುದಿಲ್ಲ. ಅದರ ಲೆನ್ಸಿನ ಕಿಂಡಿ ಕೆಲವೇ ಮಿಲಿಮೀಟರಿನದು, ಹತ್ತಿರದ ತಂತಿಯನ್ನೂ ದೂರದ ಪ್ರಾಣಿಯನ್ನೂ ಅದು ಹೆಚ್ಚುಕಡಿಮೆ ಒಂದೇ ಸ್ಪಷ್ಟತೆಯಲ್ಲಿ ತೋರಿಸುತ್ತದೆ. ಆದರೆ ಲೆನ್ಸ್ ಅಷ್ಟು ಚಿಕ್ಕದಾಗಿರುವುದರಿಂದಲೇ ಜಾಲರಿಯ ಒಂದು ಕಣ್ಣಿಗೆ ಸರಿಯಾಗಿ ಹೊಂದಿಸಿ ಹಿಡಿದರೆ ತಂತಿ ಚಿತ್ರದೊಳಗೆ ಬರುವುದೇ ಇಲ್ಲ. ಗಾಜಿನ ಮುಂದೆಯೂ ಮೊಬೈಲಿಗೆ ಇದೇ ಅನುಕೂಲವಿದೆ, ಗಾಜಿಗೆ ತಾಗಿಸಿ ಹಿಡಿದರೆ ನಮ್ಮದೇ ಪ್ರತಿಬಿಂಬ ಬೀಳುವುದಿಲ್ಲ. ಫ್ಲ್ಯಾಷ್ ಮಾತ್ರ ಎಲ್ಲಿಯೂ ಬೇಡ. ರಾತ್ರಿ ಸಂಚರಿಸುವ ಪ್ರಾಣಿಗಳ ಕಣ್ಣು ಸಣ್ಣ ಬೆಳಕನ್ನೂ ಹಿಡಿಯುವಂತೆ ರೂಪುಗೊಂಡಿರುತ್ತದೆ, ಅದರೆದುರು ಮಿಂಚು ಹೊಡೆಯುವುದು ಹಿಂಸೆ.)

ನಮಗಿಂತ ಮೊದಲೇ ಅಳಿಸಿದವರು

ಮೈಸೂರಿನ ಶ್ರೀ ಚಾಮರಾಜೇಂದ್ರ ಮೃಗಾಲಯದಲ್ಲಿ ಈ ಜಾಲರಿಯ ಕಷ್ಟ ಅಷ್ಟಾಗಿ ಇಲ್ಲ. 1892ರಲ್ಲಿ ಶುರುವಾದ ಈ ಮೃಗಾಲಯದಲ್ಲಿ ಈಗ ದೊಡ್ಡ ಪ್ರಾಣಿಗಳಲ್ಲಿ ಹಲವನ್ನು ಕಂದಕಗಳ ಆಚೆಗಿನ ಬಯಲು ಆವರಣಗಳಲ್ಲಿ ಇಟ್ಟಿದ್ದಾರೆ. ಸರಿಯಾದ ಜಾಗದಲ್ಲಿ ನಿಂತರೆ ಕಂದಕ ಕಣ್ಣಿಗೇ ಬೀಳುವುದಿಲ್ಲ, ಹುಲ್ಲು, ಮರ, ಅದರಡಿ ಪ್ರಾಣಿ. ಈ ಏರ್ಪಾಡನ್ನು ಹೆಸರುವಾಸಿ ಮಾಡಿದವನು ಜರ್ಮನಿಯ ಕಾರ್ಲ್ ಹಾಗೆನ್‌ಬೆಕ್. ಪ್ರಾಣಿಗಳ ವ್ಯಾಪಾರಿಯಾಗಿದ್ದ ಅವನು 1907ರಲ್ಲಿ ಹ್ಯಾಂಬರ್ಗಿನ ಬಳಿಯ ಸ್ಟೆಲಿಂಗನ್‌ನಲ್ಲಿ ಕಂಬಿಗಳಿಲ್ಲದ ಮೃಗಾಲಯವನ್ನು ತೆರೆದ. ಒಂದು ಪ್ರಾಣಿ ಎಷ್ಟು ದೂರ, ಎಷ್ಟು ಎತ್ತರ ಹಾರಬಲ್ಲದು ಎಂದು ಅಳೆದು ಅದಕ್ಕೆ ತಕ್ಕ ಕಂದಕ ತೋಡಿಸಿ, ಕೃತಕ ಬಂಡೆಗಳನ್ನು ಕಟ್ಟಿಸಿ, ನೋಡುವವರಿಗೆ ಮುಂದೆ ಜಿಂಕೆಯೂ ಹಿಂದೆ ಸಿಂಹವೂ ಒಂದೇ ಬಯಲಿನಲ್ಲಿ ಇರುವಂತೆ ತೋರುವ ಹಾಗೆ ಮಾಡಿದ. ಅಲ್ಲಿಂದ ಈ ಕ್ರಮ ಜಗತ್ತಿನ ಮೃಗಾಲಯಗಳಿಗೆಲ್ಲ ಹಬ್ಬಿತು.

ಇದು ಪ್ರಾಣಿಗಳಿಗೆ ಒಳ್ಳೆಯದಾಯಿತು ಎಂಬುದರಲ್ಲಿ ಅನುಮಾನವಿಲ್ಲ, ಸಿಮೆಂಟಿನ ನೆಲದ ಇಕ್ಕಟ್ಟಾದ ಬೋನುಗಳನ್ನು ನೋಡಿದವರಿಗೆ ಅದನ್ನು ವಿವರಿಸಬೇಕಾಗಿಯೂ ಇಲ್ಲ. ಆದರೆ ಹಾಗೆನ್‌ಬೆಕ್ ಮಾಡಿದ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕೆಂದು ನನಗೆ ತೋರುತ್ತದೆ. ಒಂದು, ಪ್ರಾಣಿಗೆ ಜಾಗ ಕೊಟ್ಟದ್ದು. ಇನ್ನೊಂದು, ಅದು ಸೆರೆಯಲ್ಲಿದೆ ಎಂಬ ಸಂಗತಿಯನ್ನು ನೋಡುವವರ ಕಣ್ಣಿನಿಂದ ಮರೆಮಾಡಿದ್ದು. ಮೊದಲನೆಯದು ಪ್ರಾಣಿಗಾಗಿ, ಎರಡನೆಯದು ನಮಗಾಗಿ. ಫೋಟೊ ತೆಗೆಯುವವರು ತೆರೆದ ಅಪರ್ಚರಿನಿಂದ ಮಾಡುವುದು ಈ ಎರಡನೆಯ ಕೆಲಸವನ್ನು ಮಾತ್ರ.

ಒಂದೇ ಕಲ್ಲಿನ ಮೇಲೆ

ಬೇರೊಂದು ಊರಿನ ಚಿಕ್ಕ ಮೃಗಾಲಯಕ್ಕೆ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದ ದಿನ ನೋಡಿದ ಚಿರತೆಯನ್ನು ನಾನು ಮರೆತಿಲ್ಲ. ಸಂಜೆ ನಾಲ್ಕರ ಸುಮಾರು, ಬಿಸಿಲು ಓರೆಯಾಗಿ ಆವರಣದೊಳಗೆ ಬೀಳುತ್ತಿತ್ತು. ಒಳಗೆ ಹುಲ್ಲಿತ್ತು, ಅಟ್ಟಣೆಯಿತ್ತು, ಒಂದು ಒಣಮರವೂ ಇತ್ತು. ಚಿರತೆ ಅದಾವುದರ ಬಳಿಗೂ ಹೋಗದೆ ಜಾಲರಿಯ ಉದ್ದಕ್ಕೂ ಆ ತುದಿಯಿಂದ ಈ ತುದಿಗೆ ನಡೆಯುತ್ತಿತ್ತು. ಅದು ನಡೆಯುವ ಜಾಗದಲ್ಲಿ ಹುಲ್ಲು ಹುಟ್ಟದೆ ನೆಲ ಗಟ್ಟಿಯಾಗಿ, ಎರಡು ಅಂಗೈ ಅಗಲದ ಒಂದು ದಾರಿಯೇ ಆಗಿತ್ತು. ಎಡತುದಿಯಲ್ಲಿ ಮಣ್ಣಿನಿಂದ ಸ್ವಲ್ಪವೇ ಮೇಲೆದ್ದಿದ್ದ ಒಂದು ಕಲ್ಲು. ಪ್ರತಿ ಸಲವೂ ಚಿರತೆ ಮುಂದಿನ ಬಲಗಾಲನ್ನು ಆ ಕಲ್ಲಿನ ಮೇಲಿಟ್ಟು, ತಲೆಯನ್ನು ಮೇಲಕ್ಕೆತ್ತಿ, ಮೈಯನ್ನು ತಿರುಗಿಸಿಕೊಳ್ಳುತ್ತಿತ್ತು. ತಿರುಗುವಾಗ ಭುಜ ತಾಗುತ್ತಿದ್ದ ಕಂಬದ ಮೇಲೆ ಬಣ್ಣ ಹೋಗಿ, ಆ ಎತ್ತರದಲ್ಲಿ ಮಾತ್ರ ಕಬ್ಬಿಣ ನುಣ್ಣಗೆ ಕಂದಾಗಿ ಹೊಳೆಯುತ್ತಿತ್ತು.

ತಲೆ ಎತ್ತುವ ಆ ಗಳಿಗೆ ಚಿತ್ರಕ್ಕೆ ಹೇಳಿ ಮಾಡಿಸಿದಂತಿತ್ತು. ಬೆಳಕು ಸರಿಯಾಗಿ ಕಣ್ಣಿಗೆ ಬೀಳುತ್ತಿತ್ತು, ಕತ್ತಿನ ಬಾಗು, ಎತ್ತಿದ ಪಾದ, ಎಲ್ಲವೂ ಬೇಟೆಗೆ ಹೊಂಚುಹಾಕಿದ ಪ್ರಾಣಿಯದೇ. ನನ್ನ ಪಕ್ಕದಲ್ಲಿ ನಿಂತಿದ್ದ ಹುಡುಗರಲ್ಲಿ ಒಬ್ಬ ಇನ್ನೊಬ್ಬನಿಗೆ, "ಆ ಕಲ್ಲಿಗೆ ಫೋಕಸ್ ಇಟ್ಕೊಂಡು ಸುಮ್ನೆ ನಿಂತ್ಕೊ, ಅದೇ ಬರುತ್ತೆ" ಎಂದ. ಅವನು ಹೇಳಿದ್ದು ಸರಿಯಾಗಿತ್ತು. ನಾನೂ ಹಾಗೆಯೇ ತೆಗೆದೆ. ಕಾಡಿನಲ್ಲಿ ಚಿರತೆಯ ಒಂದು ಚಿತ್ರಕ್ಕಾಗಿ ವರ್ಷಗಟ್ಟಲೆ ಕಾಯುವವರಿದ್ದಾರೆ. ಇಲ್ಲಿ ಅದು ಗಡಿಯಾರದ ಹಾಗೆ ಅದೇ ಕಲ್ಲಿನ ಮೇಲೆ ಬಂದು ನಿಲ್ಲುತ್ತಿತ್ತು. ಅಷ್ಟರಲ್ಲಿ ಅಕ್ಕನ ಮಗ ನನ್ನ ತೋಳು ಹಿಡಿದು, "ಮಾಮ, ಅದು ಯಾಕೆ ಬೇರೆ ಕಡೆ ಹೋಗೋದೇ ಇಲ್ಲ?" ಎಂದು ಕೇಳಿದ.

ನೀರಿನ ತೊಟ್ಟಿ ತುಂಬಿಸಲು ಬಂದಿದ್ದ ಪ್ರಾಣಿಪಾಲಕರಿಗೂ ಅದು ಕೇಳಿಸಿತು. "ಊಟದ ಹೊತ್ತು ಮರಿ, ಒಳಗಿನ ಬಾಗಿಲು ತೆಗೆಯೋ ಸದ್ದಿಗೆ ಕಾಯ್ತಾ ಇದೆ" ಎಂದರು. ಬೆಳಿಗ್ಗೆಯೂ ಹೀಗೇ ನಡೆಯುತ್ತದೆಯೇ ಎಂದು ನಾನು ವಿಚಾರಿಸಿದೆ. ಅವರು ಸ್ವಲ್ಪ ತಡೆದು, "ಬೆಳಿಗ್ಗೆನೂ ನಡೆಯುತ್ತೆ ಸಾರ್, ಇಷ್ಟಿಲ್ಲ. ಮರಿ ಇದ್ದಾಗ ಕಬ್ಬು ಕಡಿಯೋವಾಗ ಗದ್ದೇಲಿ ಸಿಕ್ಕಿದ್ದು. ತಾಯಿ ಬರಲೇ ಇಲ್ಲ. ಇಲ್ಲೇ ಬೆಳೀತು" ಎಂದರು. ಅವರ ದನಿಯಲ್ಲಿ ಆ ಪ್ರಾಣಿಯ ಮೇಲಿನ ಅಕ್ಕರೆ ಕೇಳುತ್ತಿತ್ತು. ಮಂಡ್ಯ, ಮೈಸೂರು ಕಡೆಯ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಮರಿಹಾಕುವುದೂ, ಕಟಾವಿನ ಹೊತ್ತಿಗೆ ಮರಿಗಳು ಸಿಗುವುದೂ ನಮಗೆಲ್ಲ ಗೊತ್ತಿರುವ ಸುದ್ದಿ. ತಾಯಿಯನ್ನು ಸೇರದೆ ಉಳಿದ ಮರಿಗೆ ಬೇಟೆ ಕಲಿಸುವವರಿಲ್ಲ, ಅದನ್ನು ಕಾಡಿಗೆ ಬಿಡುವುದು ಸುಲಭವಲ್ಲ. ಆದ್ದರಿಂದ ಇಲ್ಲಿ ತಪ್ಪಿತಸ್ಥರನ್ನು ಹುಡುಕುವುದು ನನ್ನ ಉದ್ದೇಶವಲ್ಲ.

ನನ್ನನ್ನು ಕಾಡಿದ್ದು ಮನೆಗೆ ಬಂದು ಆ ಚಿತ್ರವನ್ನು ದೊಡ್ಡದಾಗಿ ನೋಡಿದಾಗ. 1/500 ಸೆಕೆಂಡಿನಲ್ಲಿ ತೆಗೆದ ಚಿತ್ರ. ಅದರಲ್ಲಿ ಜಾಲರಿಯಿಲ್ಲ, ಆದರೆ ಜಾಲರಿ ಇಲ್ಲದಿರುವುದಕ್ಕಿಂತ ದೊಡ್ಡ ಕೊರತೆಯೊಂದು ಅದರಲ್ಲಿತ್ತು. ಆ ಚಿರತೆ ಅದಕ್ಕೆ ಮುಂಚೆಯೂ ಅದೇ ಕಲ್ಲಿನ ಮೇಲೆ ಕಾಲಿಟ್ಟಿತ್ತು, ಆಮೇಲೂ ಇಟ್ಟಿತು ಎಂಬುದನ್ನು ಹೇಳುವ ಯಾವ ಗುರುತೂ ಚಿತ್ರದಲ್ಲಿಲ್ಲ. ನೋಡುವವರ ಮಟ್ಟಿಗೆ ಅದು ಒಮ್ಮೆ ನಡೆದ ಘಟನೆ. ಒಂದು ಗಳಿಗೆಯನ್ನು ಕತ್ತರಿಸಿ ತೆಗೆಯುವುದೇ ಫೋಟೊ ಮಾಡುವ ಕೆಲಸವಾದ್ದರಿಂದ ಪುನರಾವರ್ತನೆ ಅದರ ಕೈಗೆ ಸಿಗುವುದಿಲ್ಲ. ಮೃಗಾಲಯದ ಪ್ರಾಣಿಯ ಕಷ್ಟವೇನಾದರೂ ಇದ್ದರೆ ಅದು ಇರುವುದು ಪುನರಾವರ್ತನೆಯಲ್ಲಿಯೇ. ಇನ್ನೂ ಕಠಿಣವಾದ ಮಾತೊಂದಿದೆ: ಆ ದಿನ ಅಲ್ಲಿದ್ದ ಪ್ರಾಣಿಗಳಲ್ಲೆಲ್ಲ ಫೋಟೊಗೆ ಅತಿ ಸುಲಭವಾಗಿ ಸಿಕ್ಕಿದ್ದು ಆ ಚಿರತೆ, ಮತ್ತು ಅದರ ನೆಮ್ಮದಿಗೇಡಿನ ಲಕ್ಷಣವೇ ಆ ಸುಲಭಕ್ಕೆ ಕಾರಣವಾಗಿತ್ತು.

ಹೀಗೆ ಒಂದೇ ದಾರಿಯಲ್ಲಿ ಗುರಿಯಿಲ್ಲದೆ ನಡೆಯುವುದು, ತಲೆ ತೂಗುವುದು ಮುಂತಾದ ನಡವಳಿಕೆಗಳನ್ನು ಪ್ರಾಣಿವಿಜ್ಞಾನಿಗಳು ಬಹಳ ಕಾಲದಿಂದ ಗಮನಿಸಿದ್ದಾರೆ. ರಾಸ್ ಕ್ಲಬ್ ಮತ್ತು ಜಾರ್ಜಿಯಾ ಮೇಸನ್ ಎಂಬಿಬ್ಬರು 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಮಾಂಸಾಹಾರಿ ಪ್ರಾಣಿಗಳಲ್ಲಿ ಯಾವುವು ಸೆರೆಯಲ್ಲಿ ಹೆಚ್ಚಾಗಿ ಹೀಗೆ ನಡೆಯುತ್ತವೆ ಎಂದು ಹುಡುಕಿತ್ತು. ಕಾಡಿನಲ್ಲಿ ಎಷ್ಟು ವಿಸ್ತಾರವಾದ ಪ್ರದೇಶದಲ್ಲಿ ಅಲೆಯುವ ಪ್ರಾಣಿಯೋ ಅದಕ್ಕೆ ಸೆರೆಯಲ್ಲಿ ಈ ಕಾಟ ಅಷ್ಟು ಹೆಚ್ಚು ಎಂಬುದು ಅವರು ಕಂಡುಕೊಂಡದ್ದು. ಹಿಮಕರಡಿ ಅದಕ್ಕೆ ಎದ್ದು ಕಾಣುವ ಉದಾಹರಣೆ. ಆದರೆ ಅಂಥ ನಡವಳಿಕೆ ಕಂಡೊಡನೆ ಆ ಪ್ರಾಣಿ ಈಗ ಇರುವ ಜಾಗದಲ್ಲಿಯೇ ನರಳುತ್ತಿದೆ ಎಂದು ತೀರ್ಮಾನಿಸಿಬಿಡುವುದೂ ಸರಿಯಲ್ಲ. ಹಿಂದಿನ ಹಿಂಸೆಯ ಕಲೆ ಹಾಗೆ ಉಳಿದಿರಬಹುದು. ನಮ್ಮ ಬಾಲ್ಯದಲ್ಲಿ ಊರೂರಿಗೆ ಕರಡಿ ಆಡಿಸುವವರು ಬರುತ್ತಿದ್ದರಲ್ಲ, ಅವರಿಂದ ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದ ರಕ್ಷಣಾ ಕೇಂದ್ರದಲ್ಲಿ ಆಶ್ರಯ ಸಿಕ್ಕಿದೆ. ಮೂಗಿನಿಂದ ಹಗ್ಗ ತೆಗೆದು ವರ್ಷಗಳಾದ ಮೇಲೂ ಇಂಥ ಕರಡಿಗಳಲ್ಲಿ ಕೆಲವು ಇದ್ದಲ್ಲೇ ತೂಗಾಡುವುದುಂಟು. ಮೃಗಾಲಯಗಳವರು ಆಹಾರವನ್ನು ಮರದ ದಿಮ್ಮಿಯೊಳಗೆ ಬಚ್ಚಿಟ್ಟು, ಹೊಸ ವಾಸನೆಗಳನ್ನು ಇಟ್ಟು, ಊಟದ ಹೊತ್ತನ್ನು ಆಚೀಚೆ ಮಾಡಿ ಪ್ರಾಣಿಯನ್ನು ಈ ಸುಳಿಯಿಂದ ಹೊರತರಲು ಪ್ರಯತ್ನಿಸುತ್ತಾರೆ. ಅದನ್ನು ಚಿತ್ರ ತೆಗೆಯುವವರು ಯಾರೂ ಕಾಣೆ, ಏಕೆಂದರೆ ದಿಮ್ಮಿಯೊಳಗೆ ತಲೆ ತೂರಿಸಿದ ಹುಲಿ ಕಾಡಿನದೆಂದು ತೋರುವುದಿಲ್ಲ.

ಗೋಡೆಯೂ ಇರುವ ಚಿತ್ರಗಳು

ಛಾಯಾಗ್ರಹಣದ ಆರಂಭದ ಕಾಲದವರಿಗೆ ಬೇಲಿಯನ್ನು ಅಳಿಸುವ ಹಂಬಲವಿದ್ದಂತೆ ಕಾಣುವುದಿಲ್ಲ. ಓಬೇಶ್ ಎಂಬ ಹೆಸರಿನ ನೀರಾನೆಯನ್ನು ಈಜಿಪ್ಟಿನಿಂದ 1850ರಲ್ಲಿ ಲಂಡನ್ನಿನ ಮೃಗಾಲಯಕ್ಕೆ ತಂದಿದ್ದರು. 1852ರಲ್ಲಿ ತೆಗೆದ ಅದರ ಚಿತ್ರವೊಂದು ಪ್ರಸಿದ್ಧವಾಗಿದೆ. ಕೊಳದ ಅಂಚಿನಲ್ಲಿ ನೀರಾನೆ ಮಲಗಿದೆ, ಆಚೆ ಬದಿಯಲ್ಲಿ ಕಂಬಿಗಳ ಹಿಂದೆ ಜನ ನಿಂತಿದ್ದಾರೆ. ನೋಡಿದಾಗ ಕಂಬಿಗಳ ಹಿಂದಿರುವುದು ಮನುಷ್ಯರು ಎಂದು ಅನ್ನಿಸುತ್ತದೆ. ಆ ಒಂದು ಚಿತ್ರದಿಂದ ನಮಗೆ ನೀರಾನೆಯೂ ತಿಳಿಯುತ್ತದೆ, ಅದು ಇದ್ದ ಕೊಳದ ಅಳತೆಯೂ ತಿಳಿಯುತ್ತದೆ, ಅದನ್ನು ನೋಡಲು ಬಂದವರ ಉಡುಪೂ ತಿಳಿಯುತ್ತದೆ.

ಕ್ವಾಗಾ ಎಂಬ, ಮೈಯ ಮುಂಭಾಗಕ್ಕೆ ಮಾತ್ರ ಪಟ್ಟೆಯಿದ್ದ ಜೀಬ್ರಾ ಜಾತಿಯ ಪ್ರಾಣಿಯದು ಇನ್ನೂ ದುಃಖದ ಕಥೆ. ಜೀವಂತ ಕ್ವಾಗಾದ ಚಿತ್ರಗಳು ಜಗತ್ತಿನಲ್ಲಿರುವುದು ಒಂದೇ ಪ್ರಾಣಿಯವು, 1860ರ ದಶಕದಲ್ಲಿ ಮತ್ತು 1870ರಲ್ಲಿ ತೆಗೆದ, ಲಂಡನ್ ಮೃಗಾಲಯದಲ್ಲಿದ್ದ ಒಂದು ಹೆಣ್ಣಿನವು. ಕೊನೆಯ ಕ್ವಾಗಾ 1883ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮೃಗಾಲಯದಲ್ಲಿ ಸತ್ತಿತು. ಟಾಸ್ಮೇನಿಯಾದ ಥೈಲಸೀನ್ ಎಂಬ, ಬೆನ್ನಿಗೆ ಪಟ್ಟೆಯಿದ್ದ ಮಾಂಸಾಹಾರಿ ಪ್ರಾಣಿಗಳಲ್ಲಿ ಕೊನೆಯದೆಂದು ತಿಳಿದಿರುವುದು 1936ರ ಸೆಪ್ಟೆಂಬರ್ 7ರಂದು ಹೋಬರ್ಟಿನ ಮೃಗಾಲಯದಲ್ಲಿ ಸತ್ತಿತು, 1933ರಲ್ಲಿ ನಿಸರ್ಗತಜ್ಞ ಡೇವಿಡ್ ಫ್ಲೇ ಅಲ್ಲಿಯೇ ತೆಗೆದ ಚಲನಚಿತ್ರದ ತುಣುಕಿನಲ್ಲಿ ಥೈಲಸೀನ್ ಒಂದು ಜಾಲರಿಯ ಪಕ್ಕದಲ್ಲಿ ಓಡಾಡುವುದು, ಬಾಯಿ ಅಗಲಿಸುವುದು ಕಾಣುತ್ತದೆ. ಆ ಜಾಲರಿಯನ್ನು ಯಾರಾದರೂ ಜಾಣತನದಿಂದ ಮಸುಕು ಮಾಡಿದ್ದರೆ, ಒಂದು ಜೀವಜಾತಿ ಎಂಥ ಜಾಗದಲ್ಲಿ ಮುಗಿದುಹೋಯಿತು ಎಂಬ ಸಾಕ್ಷ್ಯವೇ ನಮಗೆ ಉಳಿಯುತ್ತಿರಲಿಲ್ಲ. ನಾವಿಂದು ತೆಗೆಯುವ ಚಿತ್ರಗಳಲ್ಲಿ ಯಾವುದು ನಾಳೆ ಅಂಥ ಸಾಕ್ಷ್ಯವಾಗುತ್ತದೆಯೋ ಬಲ್ಲವರಿಲ್ಲ.

ಮೈಸೂರಿನ ಪೋಲೊ ನೆನಪಾಗುತ್ತಾನೆ. 2014ರಲ್ಲಿ ಸಾಯುವವರೆಗೆ ಅವನು ಬಹಳ ವರ್ಷ ಅಲ್ಲಿ ಒಬ್ಬನೇ ಇದ್ದ ಗೊರಿಲ್ಲಾ. ಅವನ ಮುಖವನ್ನೇ ಹತ್ತಿರದಿಂದ ತೆಗೆದ ಚಿತ್ರಗಳು ಗಾಂಭೀರ್ಯದಿಂದ ತುಂಬಿರುತ್ತಿದ್ದವು. ಗೊರಿಲ್ಲಾಗಳು ಗುಂಪಿನಲ್ಲಿ ಬದುಕುವ ಪ್ರಾಣಿಗಳು. ಆದರೆ ಚೌಕಟ್ಟಿನಲ್ಲಿ ಒಂದೇ ಗೊರಿಲ್ಲಾ ಇದ್ದರೆ, ಚೌಕಟ್ಟಿನ ಹೊರಗೂ ಇನ್ನೊಂದಿಲ್ಲ ಎಂಬುದನ್ನು ಚಿತ್ರ ಹೇಳಲಾರದು. 2021ರಲ್ಲಿ ಜರ್ಮನಿಯಿಂದ ಥಾಬೊ ಮತ್ತು ಡೆಂಬಾ ಎಂಬ ಎರಡು ಗಂಡು ಗೊರಿಲ್ಲಾಗಳು ಮೈಸೂರಿಗೆ ಬಂದ ಮೇಲೆ, ಅವೆರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ನಾನು ಎಷ್ಟು ಹೊತ್ತಾದರೂ ಕಾಯುತ್ತೇನೆ. ಮುಖದ ವಿವರ ಕಡಿಮೆಯಾದರೂ ಆಗಲಿ, ಒಂದರ ಬಳಿ ಇನ್ನೊಂದು ಇದೆ ಎಂಬುದು ಅದಕ್ಕಿಂತ ಮುಖ್ಯವಾದ ವಿವರ.

ಈಚೆಗೆ ಹೇಗೆ ತೆಗೆಯುತ್ತೇನೆ

ಬೇಲಿ ಮಸುಕಾಗಿಸುವುದನ್ನು ನಾನು ಬಿಟ್ಟಿಲ್ಲ. ಹುಲಿಯ ಮೀಸೆಯ ಬುಡದ ಕಪ್ಪು ಚುಕ್ಕೆಗಳ ಸಾಲು, ಜಿರಾಫೆಯ ರೆಪ್ಪೆಯ ಉದ್ದ, ಮೊಸಳೆಯ ಕಣ್ಣಿನ ಸೀಳು, ಇವನ್ನೆಲ್ಲ ಹತ್ತಿರದಿಂದ ಕಾಣುವ ಭಾಗ್ಯ ನಮ್ಮಲ್ಲಿ ಬಹುಜನಕ್ಕೆ ಮೃಗಾಲಯದಲ್ಲಲ್ಲದೆ ಬೇರೆಲ್ಲಿಯೂ ಸಿಗುವುದಿಲ್ಲ. ಸಫಾರಿಯ ಜೀಪಿಗೆ ಸಾವಿರಗಟ್ಟಲೆ ತೆರಲಾರದ ಕುಟುಂಬಗಳು ಬುತ್ತಿ ಕಟ್ಟಿಕೊಂಡು ಬಂದು ಇಲ್ಲಿಯೇ ಹುಲಿಯನ್ನು ನೋಡುತ್ತವೆ. ಆ ನೋಟವನ್ನು ನಾನು ಕೀಳಾಗಿ ಕಾಣಲಾರೆ. ಆದರೆ ಈಗ ಹತ್ತಿರದ ಚಿತ್ರವೊಂದನ್ನು ತೆಗೆದ ಮೇಲೆ ಹಿಂದಕ್ಕೆ ಸರಿದು, ಚಿಕ್ಕ ಲೆನ್ಸ್ ಹಾಕಿ, ಅದೇ ಪ್ರಾಣಿಯನ್ನು ಅದರ ಆವರಣ, ಕಂದಕ, ನಿಂತು ನೋಡುವ ಜನ ಎಲ್ಲದರ ಸಮೇತ ತೆಗೆಯುತ್ತೇನೆ. ಮೈಸೂರಿನಲ್ಲಿ ಒಂದು ಬೆಳಿಗ್ಗೆ ಪಾಲಕರೊಬ್ಬರು ಸೊಪ್ಪಿನ ಹೊರೆಯನ್ನು ಹಗ್ಗ ಎಳೆದು ಮೇಲೇರಿಸುತ್ತಿದ್ದರು. ಹೊರೆ ಇನ್ನೂ ಅರ್ಧ ದಾರಿಯಲ್ಲಿರುವಾಗಲೇ ಜಿರಾಫೆಯೊಂದು ಕತ್ತು ಬಾಗಿಸಿ ನಾಲಿಗೆಯಿಂದ ಒಂದು ಕೊಂಬೆಯನ್ನು ಎಳೆದುಕೊಂಡಿತು, ಅವರು ಹಗ್ಗ ಬಿಡದೆ ತಲೆಯೆತ್ತಿ ಅದನ್ನು ಗದರಿಸಿದರು. ಹಗ್ಗ, ಖಾಕಿ ಅಂಗಿ, ಶಾಲಾ ಮಕ್ಕಳ ಟೋಪಿಗಳ ಸಾಲು ಎಲ್ಲವೂ ಇರುವ ಆ ಚಿತ್ರವನ್ನು ಯಾರೂ ಆಫ್ರಿಕಾದ್ದೆಂದು ತಿಳಿಯಲಾರರು. ಆ ಇಬ್ಬರ ನಡುವಿನ ನಂಟು ಆಫ್ರಿಕಾದಲ್ಲಿ ಇರುವುದೂ ಇಲ್ಲ.

ಮೊದಲು ಹೇಳಿದ ಚಿರತೆಯ ಚಿತ್ರಗಳನ್ನು ಈಗ ಒಂದೊಂದಾಗಿ ತೋರಿಸುವುದಿಲ್ಲ. ಕಲ್ಲಿನ ಮೇಲೆ ಕಾಲಿಟ್ಟು ತಲೆಯೆತ್ತಿದ ನಾಲ್ಕು ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿ, ಕೆಳಗೆ ತೆಗೆದ ಹೊತ್ತನ್ನು ಬರೆದಿದ್ದೇನೆ. ನೆರಳಿನ ಉದ್ದವೊಂದನ್ನು ಬಿಟ್ಟರೆ ಅವುಗಳ ನಡುವೆ ವ್ಯತ್ಯಾಸವಿಲ್ಲ. ಒಂದನ್ನೇ ನೋಡಿದವರು "ಅದ್ಭುತ" ಎನ್ನುತ್ತಾರೆ, ನಾಲ್ಕನ್ನೂ ನೋಡಿದವರು ಅಕ್ಕನ ಮಗ ಕೇಳಿದ ಪ್ರಶ್ನೆಯನ್ನೇ ಕೇಳುತ್ತಾರೆ.

ಛಾಯಾಚಿತ್ರ ಸ್ಪರ್ಧೆಗಳ ನಿಯಮಗಳು ಈ ವಿಷಯದಲ್ಲಿ ವಿಚಿತ್ರವಾಗಿವೆ. ನಮ್ಮ ರಾಜ್ಯದ ಅನೇಕ ಹವ್ಯಾಸಿಗಳು ಭಾಗವಹಿಸುವ, ಎಫ್‌ಐಎಪಿ ಎಂಬ ಛಾಯಾಗ್ರಹಣ ಕಲೆಯ ಅಂತರರಾಷ್ಟ್ರೀಯ ಒಕ್ಕೂಟ ಮತ್ತು ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿಯ ಮಾನ್ಯತೆಯ ಸ್ಪರ್ಧೆಗಳಲ್ಲಿ, ವನ್ಯಜೀವಿ ವಿಭಾಗಕ್ಕೆ ಮೃಗಾಲಯದ ಪ್ರಾಣಿಗಳ ಚಿತ್ರ ಕಳಿಸುವಂತಿಲ್ಲ. ಅದು ನ್ಯಾಯವೇ. ಲಂಡನ್ನಿನ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಪ್ರಶಸ್ತಿ ಗೆದ್ದ, ಗೇಟಿನ ಮೇಲೆ ಹಾರುತ್ತಿರುವ ತೋಳದ ಚಿತ್ರದಿಂದ ಮರುವರ್ಷ ಪ್ರಶಸ್ತಿಯನ್ನು ಹಿಂತೆಗೆದುಕೊಂಡದ್ದೂ, ಅದು ಪಳಗಿಸಿದ ತೋಳವಾಗಿರಬಹುದೆಂದು ತೀರ್ಪುಗಾರರಿಗೆ ಅನ್ನಿಸಿದ್ದರಿಂದ. ಛಾಯಾಗ್ರಾಹಕ ಅದನ್ನು ಒಪ್ಪಲಿಲ್ಲ. ಆದರೆ ಎಫ್‌ಐಎಪಿ ಸ್ಪರ್ಧೆಗಳ 'ನಿಸರ್ಗ' ವಿಭಾಗದಲ್ಲಿ ಮೃಗಾಲಯದ ಪ್ರಾಣಿಗೆ ಅವಕಾಶವಿದೆ, ಮನುಷ್ಯನ ಕೈವಾಡದ ಕುರುಹುಗಳಿಗೆ ಮಾತ್ರ ಸಾಮಾನ್ಯವಾಗಿ ಅವಕಾಶವಿಲ್ಲ. ಅಂದರೆ ಸೆರೆಯಲ್ಲಿರುವ ಪ್ರಾಣಿಯ ಚಿತ್ರವನ್ನು ಕಳಿಸಬಹುದು, ಸೆರೆ ಮಾತ್ರ ಕಾಣಬಾರದು. ಹೀಗಿರುವಾಗ ಹೊಸದಾಗಿ ಕ್ಯಾಮೆರಾ ಹಿಡಿದವರು ಬೇಲಿ ಮುಚ್ಚುವುದನ್ನೇ ಕಲೆಯೆಂದು ತಿಳಿದರೆ ಆಶ್ಚರ್ಯವೇನಿದೆ?

ನಮ್ಮ ಊರುಗಳ ಛಾಯಾಗ್ರಾಹಕರ ಸಂಘಗಳು ತಮ್ಮ ಸ್ಪರ್ಧೆಗಳಲ್ಲಿ ಮೃಗಾಲಯಕ್ಕೆಂದೇ ಒಂದು ವಿಭಾಗವನ್ನು ತೆರೆಯಬೇಕೆಂಬುದು ನನ್ನ ಬೇಡಿಕೆ. ಅದರಲ್ಲಿ ಆವರಣ ಕಾಣಲೇಬೇಕು ಎಂಬ ನಿಯಮವಿರಲಿ, ಒಂದರ ಬದಲು ಸಾಲು ಚಿತ್ರಗಳಿಗೆ ಅವಕಾಶವಿರಲಿ, ಪ್ರಾಣಿ ಎಲ್ಲಿಂದ ಬಂತು, ಚಿತ್ರ ತೆಗೆದಾಗ ಗಂಟೆ ಎಷ್ಟು ಎಂಬುದನ್ನು ಅಡಿಬರಹದಲ್ಲಿ ಕಡ್ಡಾಯವಾಗಿ ಕೇಳಲಿ, ತೀರ್ಪುಗಾರರಲ್ಲಿ ಒಬ್ಬರಾದರೂ ಪ್ರಾಣಿಪಾಲಕರು ಇರಲಿ. ಅಂಥ ವಿಭಾಗಕ್ಕೆ ಆ ನಾಲ್ಕು ಚಿತ್ರಗಳನ್ನು ಮೊದಲು ಕಳಿಸುವವನು ನಾನು.